ಬೆರಳಿಗೆ ಗೊತ್ತಾಗದ ಸೂಜಿ

ದರ್ಜಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಾಜಾ ಅಕ್ಕ ಅಂತಲೇ ಕರೆಯುತ್ತಿದ್ದರು. ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ಕಂಡಿ, ಕೈಯಲ್ಲೇ ಹೊಲಿಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದೆಳೆ ಆಚೀಚೆ ಆದದ್ದಿಲ್ಲ. ಅಂಥವಳು ಹಿಡಿದಿದ್ದ ಬಿಳಿ ಅಂಗಿಯ ಮೇಲೆ ಒಂದು ದಿನ ರಕ್ತದ ಕಲೆ ಕಂಡಿತು. ಸೂಜಿ ಬೆರಳಿಗೆ ಹೊಕ್ಕಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ.

"ವಯಸ್ಸಾಯ್ತಲ್ಲಮ್ಮ, ಸಾಕು ಬಿಡು," ಅಂದಳು ಮಗಳು. ಐವತ್ತೆರಡಕ್ಕೆ ಎಂಥ ವಯಸ್ಸು ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಪಾದ ಜುಮ್ಮೆನ್ನುತ್ತಿತ್ತು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಗಿತ್ತು. ಅಂಗಡಿಯ ಮಾಸ್ತರು ಒಂದು ಮಾತೂ ಬೈಯದೆ ಅವಳ ಪಾಲಿನ ಅಂಗಿಗಳನ್ನು ಮೆಷಿನ್ನಿಗೆ ಹಾಕತೊಡಗಿದರು. ಬೈದಿದ್ದರೇ ವಾಸಿಯಿತ್ತು.

ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಕೇಳಿದರು: "ದಿನಾ ಯಾವ ಮಾತ್ರೆ ತಗೊಳ್ತೀರಿ?"

"ಯಾವುದೂ ಇಲ್ಲ. ಬೆಳಿಗ್ಗೆ ಒಂದು ಎದೆಯುರಿ ಮಾತ್ರೆ, ಅಷ್ಟೇ."

"ಎಷ್ಟು ದಿನದಿಂದ?"

"ಹನ್ನೊಂದು ವರ್ಷ."

ಡಾಕ್ಟರಮ್ಮ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಅದರಲ್ಲಿ ಬಿ-ಹನ್ನೆರಡು ಎಂಬ ಜೀವಸತ್ವ ತಳ ಕಂಡಿತು. ಈ ಮಾತ್ರೆಯಿಂದ ಹೊಟ್ಟೆಯ ಆಮ್ಲವನ್ನು ವರ್ಷಗಟ್ಟಲೆ ಅಡಗಿಸಿಟ್ಟರೆ ಕೆಲವರಿಗೆ ಆ ಜೀವಸತ್ವ ಮೈಗೆ ಹತ್ತುವುದಿಲ್ಲ, ನರಗಳು ಸೊರಗುತ್ತವೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

ಅಕ್ಕ ಮನೆಗೆ ಹೋಗಲಿಲ್ಲ. ಸೀದಾ ಆ ಮಾತ್ರೆ ಬರೆದುಕೊಟ್ಟಿದ್ದ ಹಳೇ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ, ಪರ್ಸಿನಲ್ಲಿ ಮಡಚಿಟ್ಟಿದ್ದ ಚೀಟಿಯನ್ನು ಮೇಜಿನ ಮೇಲೆ ಹರಡಿದಳು.

"ನಾನು ಬರೆದದ್ದು ಒಂದೇ ತಿಂಗಳಿಗೆ," ಅಂದರು ಅವರು.

"ತಿಂಗಳಾದ ಮೇಲೆ ಬಂದೆನಲ್ಲ ಸಾರ್. ತಲೆ ಎತ್ತದೆ 'ಮುಂದುವರಿಸಿ' ಅಂದಿರಿ. ಆಮೇಲೂ ವರ್ಷ ವರ್ಷ ಬಂದೆ. ಎದೆಯುರಿ ಇದೆಯಾ ಅಂತ ಒಂದು ಸಲವಾದರೂ ಕೇಳಿದಿರಾ?"

"ಎಲ್ಲರಿಗೂ ಹೀಗಾಗಲ್ಲಮ್ಮ. ಕೆಲವರಿಗೆ ಆ ಮಾತ್ರೆ ಬೇಕೇ ಬೇಕು."

"ನನಗೆ ಬೇಕಿತ್ತಾ? ಅದನ್ನ ಹೇಳಿ."

ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಬಾಗಿಲಾಚೆ ಬೆಂಚಿನಲ್ಲಿ ಕಾದಿದ್ದ ರೋಗಿಗಳು ಒಳಗೆ ಇಣುಕಿದರು. "ನನ್ನ ಅನ್ನ ಈ ಬೆರಳಲ್ಲಿತ್ತು ಸಾರ್," ಎಂದವಳೇ ಚೀಟಿ ಎತ್ತಿಕೊಂಡು ಎದ್ದಳು. ಅವರು ಕ್ಷಮೆ ಕೇಳದೆ ಮುಂದಿನ ರೋಗಿಯನ್ನು ಕರೆದರು.

ಡಾಕ್ಟರಮ್ಮ ಇಂಜೆಕ್ಷನ್ ಶುರುಮಾಡಿದರು. ಒಮ್ಮೆಲೇ ಬಿಟ್ಟರೆ ಉರಿ ಮರಳಬಹುದೆಂದು ಮಾತ್ರೆಯನ್ನು ಮೆಲ್ಲಗೆ ಇಳಿಸಿದರು. ಆರು ತಿಂಗಳಿಗೆ ಪಾದಕ್ಕೆ ನೆಲ ತಿಳಿಯತೊಡಗಿತು, ಬಲಗೈಗೆ ಚುರುಕು ಬಂತು. ಎಡಗೈಯ ಎರಡು ಬೆರಳು ಮಾತ್ರ ಬಟ್ಟೆ ಸುತ್ತಿದಂತೆ ಜಡವಾಗಿಯೇ ಉಳಿದವು. ಮಾಸ್ತರು ಮತ್ತೆ ಅಂಗಿ ಕೊಡುತ್ತಿದ್ದಾರೆ, ಮೊದಲಿನ ಅರ್ಧದಷ್ಟು. ಆ ಕ್ಲಿನಿಕ್ಕಿನ ಮುಂದೆ ಹಾಯುವಾಗೆಲ್ಲ ಅವಳ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ಒಳಗೆ ಬೆಂಚು ಎಂದಿನಂತೆ ತುಂಬಿರುತ್ತದೆ.