ಬಸ್ಸಮ್ಮನ ಕತ್ತು

ತಾನೇ ಓಡುವ ಕಾರಿನ ಸ್ಟಿಯರಿಂಗ್ ಮುಂದೆ ಅದನ್ನು ಮುಟ್ಟದೆ ಕೂರುವುದು ಬಸ್ಸಮ್ಮನ ಕೆಲಸ. ಎಡವಟ್ಟಾದರೆ ಮಾತ್ರ ಹಿಡಿಯಬೇಕು. ಅರ್ಧ ಆಯುಷ್ಯ ಸಿಟಿ ಬಸ್ ಓಡಿಸಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

ಕಾರು ಒಂದು ಲೇನಿನಿಂದ ಇನ್ನೊಂದಕ್ಕೆ ದಾಟುವ ಪರೀಕ್ಷೆ ಸಲೀಸಾಗಿ ಸಾಗಿತ್ತು. ದಾಟುವ ಲೆಕ್ಕಾಚಾರ ಬರೆದ ಎಂಜಿನಿಯರ್ ಹುಡುಗಿ ಒಂದು ಮಧ್ಯಾಹ್ನ ಅವಳನ್ನು ಕರೆದು ವಿಡಿಯೊ ತೋರಿಸಿದಳು.

"ಅಕ್ಕಾ, ಪಕ್ಕದ ಲೇನಲ್ಲಿ ಹಿಂದೆ ಬರ್ತಿರೋ ಕಾರು ನೋಡಿ. ಇಂಡಿಕೇಟರ್ ಹಾಕಿದ್ರೂ ಜಪ್ಪಯ್ಯ ಅಂದ್ರೂ ಜಾಗ ಬಿಡ್ತಿಲ್ಲ. ಈಗ ನೋಡಿ."

ಪರದೆಯಲ್ಲಿ ಬಸ್ಸಮ್ಮನ ತಲೆ ಹಿಂದಕ್ಕೆ ಹೊರಳಿತು. ಹಿಂದಿನ ಕಾರು ನಿಧಾನವಾಯಿತು. ಮುಂದಿನ ವಿಡಿಯೊದಲ್ಲೂ ಅದೇ ಕಥೆ. ಜನ ದಾರಿ ಬಿಡುತ್ತಿದ್ದುದು ಅವಳ ಮುಖ ನೋಡಿ.

"ನಾಳೆ ಈ ಕಾರು ಡ್ರೈವರೇ ಇಲ್ದೆ ಓಡುವಾಗ ಈ ಸೀಟು ಖಾಲಿ ಇರತ್ತೆ, ಆಗ ಯಾರ ಮುಖ ನೋಡಿ ದಾರಿ ಬಿಡ್ತಾರೆ? ಪರೀಕ್ಷೆ ಎಲ್ಲ ಮೊದಲಿಂದ ಮಾಡ್ಬೇಕು. ಪಕ್ಕದ ಕ್ಯಾಮರಾದ ಪರದೆ ನಿಮ್ಮ ಮುಂದೇನೇ ಇದೆ, ಅದರಲ್ಲೇ ನೋಡಿ. ಕತ್ತು ತಿರುಗಿಸಬೇಡಿ. ಆಗದಿದ್ರೆ ಬೇರೆಯವರನ್ನ ಕೂರಿಸ್ತಾರಂತೆ."

"ಕೂರಿಸ್ಲಿ ನೋಡೋಣ! ನಾನು ಎದ್ರೆ ತಾನೆ?"

ಆದರೆ ಹೊರಗೆ ಬಂದು ಅವಳು ಕತ್ತು ಸವರಿಕೊಂಡಳು. ಆ ಕತ್ತು ಅವಳನ್ನು ಕೇಳಿ ತಿರುಗಿದ್ದೇ ಇಲ್ಲ.

ವಿಷಯ ಕೇಳಿದ ಗಂಡ, ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕ. "ಮದುವೆಯಾದಾಗಿಂದ ನಾನು ಕರೆದ್ರೆ ಒಂದಿನ ತಿರುಗಿಲ್ಲ, ಇದೇನು ಮಹಾ? ಬೇಕಾದ್ರೆ ಗಟ್ಟಿ ಕಾಲರ್ ಹೊಲ್ಕೊಡ್ತೀನಿ."

"ಕಾಲರ್ ಬೇಡ ಕಣ್ರಿ. ಕತ್ತು ನನ್ನ ಮಾತು ಕೇಳ್ಬೇಕು. ನೀವು ಹಿಂದೆ ನಿಂತು ಸದ್ದು ಮಾಡಿ."

ಅಡುಗೆಮನೆಯ ಕಪಾಟಿಗೆ ಕನ್ನಡಿ ಒರಗಿಸಿ ಅವಳು ತರಕಾರಿ ಹೆಚ್ಚುತ್ತ ಕೂತಳು. ಅವನು ಮುಚ್ಚಳ ಬಡಿದ, ಕತ್ತರಿ ಬೀಳಿಸಿದ. ಅವಳು ತಿರುಗಿದಾಗೆಲ್ಲ "ಔಟ್!" ಎಂದು ಕೂಗಿದ. ಸೋತು ಸುಣ್ಣವಾದರೂ ಅವಳು ಹಟ ಬಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಕನ್ನಡಿಯಲ್ಲಿ ಕಣ್ಣಿಟ್ಟೇ ಗದರಿದಳು: "ಆ ಲೋಟ ಗಾಜಿನದು. ಇಡ್ರಿ ಕೆಳಗೆ!"

ಮರುಪರೀಕ್ಷೆಯ ದಿನ ಪಕ್ಕದ ಲೇನಿನಲ್ಲಿ ಹಿಂದಿನಿಂದ ಲಾರಿಯೊಂದು ಬರುತ್ತಿತ್ತು. ನಡುವೆ ಅಂತರವಿದ್ದುದರಿಂದ ಕಾರು ಇಂಡಿಕೇಟರ್ ಹಾಕಿ ಗೆರೆಯತ್ತ ಸರಿಯಿತು. ಅಷ್ಟರಲ್ಲಿ ಲಾರಿ ವೇಗ ಹೆಚ್ಚಿಸಿತು. ಬಸ್ಸಮ್ಮನ ಕತ್ತಿನ ನರ ಬಿಗಿಯಿತು. ಕೈಗಳು ಸ್ಟಿಯರಿಂಗ್ ಪಕ್ಕದಲ್ಲೇ ಸಿದ್ಧವಾಗಿದ್ದವು. ಕಣ್ಣು ಪರದೆ ಬಿಡಲಿಲ್ಲ. ಗೆರೆ ಮುಟ್ಟುವ ಮೊದಲೇ ಕಾರು ಮನಸ್ಸು ಬದಲಿಸಿ ಮೆಲ್ಲನೆ ತನ್ನ ಲೇನಿಗೆ ಮರಳಿತು. ಲಾರಿ ಹಾರ್ನ್ ಹೊಡೆಯುತ್ತ ಹೋಯಿತು. ಅದರ ಬೆನ್ನಿಗೆ ಜಾಗ ಸಿಕ್ಕಾಗ ಕಾರು ಯಾರ ಮುಲಾಜೂ ಇಲ್ಲದೆ ದಾಟಿತು.

ಬಸ್ಸಮ್ಮ ಉಸಿರು ಬಿಟ್ಟಳು. "ಕತ್ತು?"

"ಕಲ್ಲು, ಅಕ್ಕಾ! ಸೀಟು ನಿಮ್ದೇ," ಎಂದಳು ಹಿಂದೆ ಕೂತಿದ್ದ ಹುಡುಗಿ.

ಸಂಜೆ ಬಸ್ಸಮ್ಮ ತನ್ನ ಹಳೇ ಕಾರಿನಲ್ಲಿ ಮನೆಗೆ ಹೊರಟಳು. ಲೇನ್ ಬದಲಿಸುವಾಗ ಗಲ್ಲ ಭುಜಕ್ಕೆ ತಾಗುವಷ್ಟು ಕತ್ತು ತಿರುಗಿಸಿದಳು. ಹಿಂದಿನವನು ಬ್ರೇಕ್ ಒತ್ತಿ ದಾರಿ ಬಿಟ್ಟ.