ಸಮುದ್ರನೊರೆಯ ಪೈಪು

ಗೂಳಪ್ಪನ ಮೂಗು ಸತ್ತು ನಾಲ್ಕು ವರ್ಷವಾಗಿತ್ತು. ಕೊರೊನಾ ಜ್ವರ ಇಳಿದ ಮೇಲೆ ಅವನು ಹಳಸಿದ ಸಾರನ್ನು ಚಪ್ಪರಿಸಿಕೊಂಡು ಉಂಡದ್ದನ್ನು ನೋಡಿ ಹೆಂಡತಿ ಸಾವಂತ್ರವ್ವ ಗಾಬರಿಯಾಗಿದ್ದಳು. ಆಕೆಯನ್ನು ಬಿಟ್ಟರೆ ಈ ಸಾವಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಂತೂ ಆ ಮೂಗು ಇನ್ನೂ ಮೆರೆಯುತ್ತಲೇ ಇತ್ತು.

ಅಕ್ಕಲಕೋಟೆ ಕಡೆಯಿಂದ ಬಂದ ಗೂಳಪ್ಪ ಸಿದ್ದಾರೂಢ ಸಾವುಕಾರರ ಮಸಾಲೆ, ಗಿಡಮೂಲಿಕೆ ಅಂಗಡಿ ಸೇರಿ ಮೂವತ್ತಾರು ವರ್ಷ. ಒಂದು ಚಿಟಿಕೆ ಮೂಗಿಗೆ ಹಿಡಿದರೆ ಸಾಕು, ಇಂಗಿಗೆ ಎಷ್ಟು ಹಿಟ್ಟು ಬೆರೆಸಿದ್ದಾರೆ, ಜೀರಿಗೆ ಹೊಸದೋ ಹಳೆಯದೋ ಎಂದು ಹೇಳಿಬಿಡುತ್ತಿದ್ದ. ಅವನು ಕೂರುವ ಜಾಗಕ್ಕೆ ಹಮಾಲರು ಮರಾಠಿಯಲ್ಲಿ ‘ನಾಕಾಚಿ ಗಾದಿ’, ಅಂದರೆ ಮೂಗಿನ ಗಾದಿ ಎಂದೇ ಹೆಸರಿಟ್ಟಿದ್ದರು.

ಈಗ ಆ ಗಾದಿಯ ಮೇಲೆ ನಡೆಯುತ್ತಿದ್ದುದು ಶುದ್ಧ ನಾಟಕ. ಜೀರಿಗೆಯನ್ನು ಅಂಗೈಯಲ್ಲಿ ಉಜ್ಜಿ ಬಣ್ಣ ನೋಡುತ್ತಿದ್ದ, ಅರಿಶಿನದ ಕೊಂಬು ಮುರಿದು ಸದ್ದು ಕೇಳುತ್ತಿದ್ದ, ಮಾಲು ತಂದವನ ಮುಖ ಓದುತ್ತಿದ್ದ. ಕೊನೆಗೆ ಕಣ್ಣು ಮುಚ್ಚಿ ಮೂಸಿದಂತೆ ಮಾಡುತ್ತಿದ್ದ. ಗುಟ್ಟು ಬಯಲಾದರೆ ಕೆಲಸ ಹೋಯಿತು. ಐವತ್ತೊಂಬತ್ತರ ವಯಸ್ಸಿನಲ್ಲಿ, ಮೂಗಿಲ್ಲದ ಗೂಳಪ್ಪನನ್ನು ಯಾರು ತಾನೆ ಮೂಸಿ ನೋಡುತ್ತಾರೆ?

ಅಂಥದರಲ್ಲಿ ಆ ಪೈಪು ಬಂತು.

ಸಾವುಕಾರರು ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಅವರ ಹೆಂಡತಿ ಶರಣಮ್ಮ ಬಟ್ಟೆಯ ಗಂಟು ಹಿಡಿದು ಅಂಗಡಿಗೆ ಬಂದರು. ಜೊತೆಗೆ ಮೊಮ್ಮಗಳು ಶಿವಾನಿ. ಖರಾಡಿ ಬಡಾವಣೆಯ ಕಂಪನಿ ಕೆಲಸ ಬಿಟ್ಟು ಈಗ ಅಂಗಡಿ ನಡೆಸುವವಳು ಅವಳೇ. ಗಂಟಿನಲ್ಲಿದ್ದುದು ಸಾವುಕಾರರು ತಂಬಾಕು ಸೇದುತ್ತಿದ್ದ ಹಳೆಯ ಪೈಪು, ಬುಡದಲ್ಲಿ ಜೇನಿನ ಬಣ್ಣಕ್ಕೆ ತಿರುಗಿದ್ದ ಬಿಳಿ ಪೈಪು. ಗೋಡೌನಿನ ಹಿಂದೆ ಅವರು ಕದ್ದು ಸೇದುವಾಗ ಕಾವಲು ನಿಲ್ಲುತ್ತಿದ್ದವನು ಇದೇ ಗೂಳಪ್ಪ.

“ಇದನ್ನ ದೇವರ ಮನ್ಯಾಗ ಅವರ ಫೋಟೋದ ಮುಂದ ಇಡಬೇಕಂತ ಮಾಡೀನಿ,” ಎಂದರು ಶರಣಮ್ಮ. “ಆದರ ಇದು ಎಲುಬೊ ಏನೊ ಅಂತ ಚಿಂತಿ. ಎಲುಬಿದ್ರ ಲಿಂಗದ ಮುಂದ ಹ್ಯಾಂಗ ಇಡೂದು? ನೀ ನೋಡಿ ಹೇಳು.”

“ಮುಂದಿನ ತಿಂಗಳಿಂದ ಎಲ್ಲಾ ಸ್ಯಾಂಪಲ್ ಲ್ಯಾಬಿಗೆ ಕಳಸೂಣು ಅಂತೀನಿ ಕಾಕಾ,” ಎಂದಳು ಶಿವಾನಿ, ಅಜ್ಜಿಯ ಕಡೆ ನೋಡುತ್ತ. “ಆಯಿ ಕೇಳವಲ್ಲಳು. ನಿಮ್ಮ ಮೂಗಿನ ಮುಂದ ಲ್ಯಾಬ್ ಏನು ಅಂತಾಳ.”

ಲ್ಯಾಬ್ ಎಂಬ ಮಾತಿಗೆ ಬೆಚ್ಚಿ ಗೂಳಪ್ಪ ಪೈಪನ್ನು ಕೈಗೆತ್ತಿಕೊಂಡ. ಪೈಪು ಹಗುರವಾಗಿತ್ತು. ಉಗುರಿನಿಂದ ಕೆರೆದ, ಬಿಳಿ ಪುಡಿ ಬಂತು. ಅಷ್ಟರಲ್ಲಿ ಶಿವಾನಿಯ ಹಳೆಯ ಆಫೀಸಿನ ಗೆಳೆಯ ಅಭಿಲಾಷನ ಫೋನ್ ಬಂತು. ಅವನು ಇಂಥ ಹಳೆಯ ಪೈಪುಗಳನ್ನು ಕೂಡಿಡುವವನು. ಫೋಟೋ ಮೊದಲೇ ಕಳಿಸಿದ್ದ ಶಿವಾನಿ ಫೋನನ್ನು ಸ್ಪೀಕರಿಗೆ ಹಾಕಿದಳು.

“ಫೋಟೋ ನೋಡಿದ್ರೆ ಮೀರ್ಶಾಮ್ ಥರ ಇದೆ ಕಣೇ,” ಎಂದ. “ಜರ್ಮನ್ ಭಾಷೇಲಿ ಸಮುದ್ರದ ನೊರೆ ಅಂತ ಅರ್ಥ. ಸೂಜಿ ಕಾಯಿಸಿ ಮುಟ್ಟಿಸಿ ನೋಡು. ಮೂಳೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ. ಮೀಟಿಂಗ್ ಇದೆ, ಆಮೇಲೆ ಮಾಡ್ತೀನಿ.”

ಸಮುದ್ರನೊರೆ! ಮುಳುಗುತ್ತಿದ್ದವನಿಗೆ ದಡ ಸಿಕ್ಕಂತಾಯಿತು. ಗೂಳಪ್ಪ ಹಿಂದಿನ ಕಪಾಟಿನಿಂದ ಒಂದು ಡಬ್ಬಿ ಇಳಿಸಿದ. ಕಿವಿಯ ಔಷಧಕ್ಕೆ ಅರೆಯುವ, ಉಗುರಿಗೆ ಪುಡಿಯಾಗುವ ಹಗುರ ಬಿಳಿ ತುಂಡುಗಳು. ವ್ಯಾಪಾರದಲ್ಲಿ ಅದರ ಹೆಸರೇ ಸಮುದ್ರನೊರೆ. ಅದು ನೊರೆಯಲ್ಲ, ಒಂದು ಕಡಲಜೀವಿಯ ಬೆನ್ನೊಳಗಿನ ಎಲುಬು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪೈಪೂ ಅದರದೇ ಎಂದುಕೊಂಡು, “ಎಲುಬ ಅದ ಅವ್ವಾರ,” ಎಂದುಬಿಟ್ಟ.

ಶಿವಾನಿ ಸೂಜಿ ಕಾಯಿಸಿ ಪೈಪಿನ ಅಡಿಗೆ ಮುಟ್ಟಿಸಿದಳು. ಸಣ್ಣ ಹೊಗೆ ಎದ್ದಿತು. ಗೂಳಪ್ಪ ಬಾಗಿ ಕಣ್ಣು ಮುಚ್ಚಿದ.

“ಕೂದಲ ಸುಟ್ಟ ವಾಸನಿ.”

ಶಿವಾನಿ ಮೂಸಿ ಹುಬ್ಬು ಗಂಟಿಕ್ಕಿದಳು. ಶರಣಮ್ಮನೂ ಮೂಸಿದರು. “ನನಗ ಬರೇ ಅವರ ತಂಬಾಕಿನ ವಾಸನಿ ಬಂತಪ್ಪ,” ಎಂದು, ತಪ್ಪು ಮಾಡಿದವರಂತೆ ತಾವೇ ತಡವರಿಸಿದರು. “ಇರ್ಲಿ. ನನ್ನ ಮೂಗಿಗೇನು ತಿಳೀತದ? ನೀ ಅಂದ ಮ್ಯಾಲೆ ಮುಗೀತು. ಶಿವಾನಿ, ಹೋಗೂಮುಂದ ನದಿಗೆ ಬಿಟ್ಟು ಹೋಗೂಣು.”

ಅವರು ಪೈಪನ್ನು ಕೈಯಿಂದ ಮುಟ್ಟದೆ ಬಟ್ಟೆಯ ತುದಿಯಿಂದ ಸುತ್ತತೊಡಗಿದರು. ಕಣ್ಣಲ್ಲಿ ನೀರು ನಿಂತಿತ್ತು. ಗೂಳಪ್ಪ ಗೆದ್ದಿದ್ದ. ಲ್ಯಾಬ್ ಇಲ್ಲ, ಗಾದಿ ಉಳಿಯಿತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ತೆರೆದ ಡಬ್ಬಿಯ ಮೇಲೆ ಕಣ್ಣು ಬಿದ್ದೊಡನೆ, ಮೂವತ್ತಾರು ವರ್ಷದ ಕೆಳಗೆ ಸಾವುಕಾರರು ಕಲಿಸಿದ ಮೊದಲ ಪಾಠ ನೆನಪಾಯಿತು. ಖರೇ ಸಮುದ್ರನೊರೆಗೆ ನಿಂಬೆ ಹಿಂಡಿದರೆ ಬುರುಬುರು ಉಕ್ಕುತ್ತದೆ. ಅದಕ್ಕೆ ಮೂಗು ಬೇಕಾಗಿಯೇ ಇಲ್ಲ, ಕಣ್ಣು ಸಾಕು. ಭಯದಲ್ಲಿ ಅದನ್ನೇ ಮರೆತಿದ್ದ.

ನೆನಪಾದದ್ದನ್ನು ನುಂಗಿಕೊಳ್ಳಲು ನೋಡಿದ, ಆಗಲಿಲ್ಲ.

“ಅವ್ವಾರ, ತಡೀರಿ.”

ಚಹಾ ಕಾಸುವ ಮೂಲೆಯಿಂದ ನಿಂಬೆಹಣ್ಣು ತಂದು ಕೊಯ್ದ. ಡಬ್ಬಿಯೊಳಗಿನ ತುಂಡಿನ ಮೇಲೆ ಹಿಂಡಿದ; ನೊರೆ ಉಕ್ಕಿತು. ಪೈಪಿನ ಅಡಿಗೆ ಒಂದು ಹನಿ ಬಿಟ್ಟ. ಹನಿ ಹಾಗೇ ಕೂತಿತು. ಮತ್ತೊಂದು ಹನಿ ಬಿಟ್ಟ. ಅದೂ ಹಾಗೇ ಕೂತಿತು.

“ಇದು ಆ ನೊರಿ ಅಲ್ರಿ. ಬ್ಯಾರೆ ಎಲುಬಾಗಿದ್ರ ಉಗುರಿಗೆ ಪುಡಿ ಬರ್ತಿರಲಿಲ್ಲ. ಇದು ಮೆತ್ತಂದು ಯಾವುದೋ ಕಲ್ಲ ಅದ. ದೇವರ ಮನ್ಯಾಗ ಇಡ್ರಿ.”

“ಮತ್ತ ಕೂದಲ ವಾಸನಿ ಅಂದ್ರಲ್ಲ ಕಾಕಾ?” ಎಂದಳು ಶಿವಾನಿ.

ಗೂಳಪ್ಪ ನಿಂಬೆಯ ಸಿಪ್ಪೆಯನ್ನು ಬೆರಳಲ್ಲಿ ಹಿಸುಕುತ್ತ ನಿಂತ. “ಸುಳ್ಳ ಹೇಳಿದೆ, ತಂಗಿ. ನನ್ನ ಮೂಗು ಸತ್ತು ನಾಕು ವರ್ಷ ಆತು.”

ಶಿವಾನಿಯ ಫೋನು ಸದ್ದು ಮಾಡಿತು. ಅಭಿಲಾಷನ ಮೆಸೇಜು ಬಂತು: ಮೀರ್ಶಾಮ್ ಅಂದರೆ ಒಂದು ಜಾತಿಯ ಮೆದು ಕಲ್ಲು, ಹೇಳಲು ಮರೆತಿದ್ದೆ. ಶಿವಾನಿ ಓದಿ ಫೋನು ಕೆಳಗಿಟ್ಟಳು. ಬೆಳಿಗ್ಗೆಯಿಂದ ಗೂಳಪ್ಪನ ಮೂಗಿಗಾಗಿ ಗಾದಿಯ ಮುಂದೆ ಕಾದಿದ್ದ ಇಂಗಿನ ಸ್ಯಾಂಪಲ್ ಡಬ್ಬಿಗೆ ಮುಚ್ಚಳ ಹಾಕಿ, ಅವನ ಮುಖ ನೋಡದೆ ತನ್ನ ಚೀಲದೊಳಗೆ ಇಟ್ಟುಕೊಂಡಳು.

ಶರಣಮ್ಮ ಪೈಪನ್ನು ಬರಿಗೈಯಲ್ಲಿ ಎತ್ತಿಕೊಂಡು ಎದೆಗೊತ್ತಿಕೊಂಡರು. ಆಮೇಲೆ ಗೂಳಪ್ಪನ ಹತ್ತಿರ ಬಂದು ಅವನ ಮೂಗಿಗೆ ಹಿಡಿದರು.

“ಅವರದ ವಾಸನಿ ಅದನೊ. ಇಷ್ಟೂ ಬರಂಗಿಲ್ಲೇನು? ಜಗ್ಗಿ ಎಳಕೊ.”

ಗೂಳಪ್ಪ ಎದೆ ತುಂಬ ಉಸಿರೆಳೆದ. ಕಣ್ಣಲ್ಲಿ ನೀರು ಬರುವ ತನಕ ಎಳೆದ. ಬರೀ ಗಾಳಿ ಬಂತು.