ದೊಡ್ಡಕ್ಕ ಅಡ್ಡ ತಿರುಗಲಿಲ್ಲ

ನಮ್ಮ ಪಿಂಗಾಣಿ ಅಂಗಡಿಯಲ್ಲಿ ಅವಳಿಗೆ ಹೆಸರಿದ್ದದ್ದು ಸಂಬಳದ ದಿನ ಮಾತ್ರ. ಉಳಿದಂತೆ ಎಲ್ಲರಿಗೂ ದೊಡ್ಡಕ್ಕ. ವಯಸ್ಸಿಗೂ ಸರಿ, ಗಾತ್ರಕ್ಕೂ ಸರಿ. ಅವಳು ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಾಕಬೇಕು ಎಂದು ಗುಮಾಸ್ತ ತಮಾಷೆ ಮಾಡುತ್ತಿದ್ದ.

"ಕರೆಂಟ್ ಬಿಲ್ ನೀನು ಕಟ್ಟಲ್ವಲ್ಲ, ನಿಂಗ್ಯಾಕೋ ಚಿಂತೆ" ಎನ್ನುತ್ತಿದ್ದಳು ಅವಳು.

ಆ ದಪ್ಪ ಕೈಗಳಲ್ಲಿ ಬಟ್ಟಲು ನಿದ್ದೆಹೋದ ಕೂಸಿನಂತೆ ಇರುತ್ತಿತ್ತು. ಗಿರಾಕಿಗೆ ಕೊಡುವ ಮುನ್ನ ಅಂಚನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುವಳು. ನಾದ ಮಂಕಾಗಿದ್ದರೆ ಎಲ್ಲೋ ಬಿರುಕಿದೆ ಎಂದರ್ಥ. "ಇದು ಬೇಡಮ್ಮ, ಬೇರೆ ತಗೊಳ್ಳಿ" ಎಂದು ಪಕ್ಕಕ್ಕಿಡುವಳು. ಬಿಲ್ಲು ಬರೆಯುವ ಮೇಜಿನಲ್ಲಿ ಕೂತ ನನಗೆ ಆ ಸದ್ದು ಕೇಳಿದರೆ, ದೇವರ ಮುಂದಿನ ಗಂಟೆ ಕೇಳಿದಷ್ಟೇ ಮನಸ್ಸು ತಣ್ಣಗಾಗುತ್ತಿತ್ತು.

ಹಳೆಯ ಯಜಮಾನರು ಹಾಸಿಗೆ ಹಿಡಿದ ಮೇಲೆ ಅಂಗಡಿ ಮಗನ ಕೈಗೆ ಬಂತು. ಹೆಚ್ಚು ಮಾಲು ತುಂಬಬೇಕೆಂದು ಈ ಚಿಕ್ಕ ಯಜಮಾನರು ನಡುದಾರಿಯಲ್ಲಿ ಇನ್ನೊಂದು ಕಪಾಟು ತೂರಿಸಿದರು. ಅಂದಿನಿಂದ ನಾವೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆಯತೊಡಗಿದೆವು. ಮಗು ಎತ್ತಿಕೊಂಡ ಹೆಂಗಸರು ಬಾಗಿಲಿನಿಂದಲೇ ಬೆಲೆ ಕೇಳಿ ಹೊರಟುಹೋಗುತ್ತಿದ್ದರು. ಒಂದು ಮಧ್ಯಾಹ್ನ ದೊಡ್ಡಕ್ಕನ ಮೊಣಕೈ ತಾಗಿ ನೀರಿನ ಜಗ್ಗೊಂದು ಉರುಳಿ ಚೂರಾಯಿತು. ಅವಳಿಂದ ಒಡೆದದ್ದು ಅದೇ ಮೊದಲು.

ಚಿಕ್ಕ ಯಜಮಾನರು ಗಿರಾಕಿಗಳೆದುರೇ ನಕ್ಕರು. "ಪಿಂಗಾಣಿ ಅಂಗಡೀಲಿ ಗೂಳಿ ಅಂತ ಇಂಗ್ಲಿಷಲ್ಲಿ ಒಂದು ಮಾತಿದೆ ದೊಡ್ಡಕ್ಕ. ನಾಜೂಕಾಗಿರಬೇಕಾದ ಕಡೆ ಒರಟಾಗಿ ನುಗ್ಗಿ ಎಲ್ಲ ಹಾಳು ಮಾಡೋರಿಗೆ ಹಾಗಂತಾರೆ. ನಾಳೆಯಿಂದ ನೀವು ಗೋದಾಮಿಗೆ ಹೋಗಿ. ಪೆಟ್ಟಿಗೆ ಎತ್ತೋಕೆ ನಿಮ್ಮಂಥೋರೇ ಸರಿ."

ಗೋದಾಮು ಎಂದರೆ ಕಿಟಕಿಯಿಲ್ಲದ ಕೋಣೆ, ಒಣಹುಲ್ಲಿನ ಧೂಳು. ಅಲ್ಲಿ ಗಿರಾಕಿಯ ಮುಖವಿಲ್ಲ, ಬಟ್ಟಲಿನ ನಾದವಿಲ್ಲ. ದೊಡ್ಡಕ್ಕ ಚೂರುಗಳನ್ನೆಲ್ಲ ಗುಡಿಸಿ ತೆಗೆದಳು. ಆಮೇಲೆ ಕೇಳಿದಳು, "ಆ ಗೂಳಿ ಅಂಗಡಿಗೆ ಯಾಕೆ ಬಂತು ಯಜಮಾನ್ರೆ?"

"ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಹಿಂದೆ ಲಂಡನ್ ಬೀದೀಲೇ ಸಂತೆಗೆ ದನ ಹೊಡ್ಕೊಂಡು ಹೋಗ್ತಿದ್ರಂತೆ. ಬೆದರಿದ ದನ ಯಾವುದಾದ್ರೂ ಅಂಗಡಿಗೆ ನುಗ್ತಿತ್ತಂತೆ. ಅದರಿಂದ ಬಂದಿರಬಹುದು ಅಂತಾರೆ."

"ಅಂದ್ರೆ ಅದಾಗಿ ಅದು ಬರಲಿಲ್ಲ. ಕೋಲು ಹಿಡಿದೋರು ಇಕ್ಕಟ್ಟು ಬೀದೀಲಿ ಅಟ್ಕೊಂಡು ಬಂದ್ರು. ಅಟ್ಟಿದವರ ಮೇಲೆ ಮಾತು ಹುಟ್ಟಲಿಲ್ಲ, ಗೂಳಿ ಮೇಲೆ ಹುಟ್ತು."

ಗುಮಾಸ್ತ ಸುಮ್ಮನೆ ಕೆಮ್ಮಿದ. ಯಜಮಾನರ ಮುಖ ಬಿಗಿಯಿತು. "ವಾದ ಬೇಡ. ನಾಳೆಯಿಂದ ಗೋದಾಮು."

"ಗೋದಾಮಿಗೆ ಹೋಗಲ್ಲ. ಬೇಡ ಅಂದ್ರೆ ಮನೆಗೆ ಕಳಿಸಿ, ಅದು ನಿಮ್ಮಿಷ್ಟ. ಇದು ದೇವರು ಕೊಟ್ಟ ಮೈ. ನಿಮ್ಮ ಕಪಾಟಿನ ಅಳತೆಗೆ ಕೆತ್ತಿಸ್ಕೊಳ್ಳೋಕಾಗಲ್ಲ."

ಮರುದಿನ ಬೆಳಿಗ್ಗೆ ಗುಮಾಸ್ತ ಬೀಗ ತೆಗೆಯುವುದನ್ನೇ ಕಾದಿದ್ದು ಅವಳು ಒಳಹೊಕ್ಕಳು. ಹೊಸ ಕಪಾಟಿನ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಗೋಡೆ ಬದಿಗೆ ಬಟ್ಟೆ ಹಾಸಿ ಜೋಡಿಸಿದಳು. ಬರಿದಾದ ಕಪಾಟನ್ನು ಬೆನ್ನು ಕೊಟ್ಟು ನೂಕುತ್ತಾ ಬೀದಿಗೆ ತಂದು ನಿಲ್ಲಿಸಿದಳು. ಅವಳು ಬೆವರು ಒರೆಸಿಕೊಂಡು ತನ್ನ ಸ್ಟೂಲಿನ ಮೇಲೆ ಕೂತಳು.

"ಕಪಾಟು ಹೊರಗಿಟ್ಟೋರು ಯಾರು?" ಎನ್ನುತ್ತಲೇ ಯಜಮಾನರು ಬಂದರು.

"ಗೂಳಿ" ಎಂದಳು ದೊಡ್ಡಕ್ಕ. "ಒಂದೂ ಒಡೆದಿಲ್ಲ, ನೋಡ್ಕೊಳ್ಳಿ."

ಅವರು ಬಾಯಿ ತೆರೆಯುವಷ್ಟರಲ್ಲಿ ಕಂಕುಳಲ್ಲಿ ಮಗು ಹೊತ್ತ ಹೆಂಗಸೊಬ್ಬಳು ನೆಟ್ಟಗೆ ಒಳಗೆ ನಡೆದುಬಂದು ಹಾಲಿನ ಬಟ್ಟಲು ಕೇಳಿದಳು. ದೊಡ್ಡಕ್ಕ ಎದ್ದು ಹೋಗಿ ತಂದಳು, ಅಡ್ಡ ತಿರುಗದೆ. ಅಂಚು ತಟ್ಟಿದಳು. ಆ ನಾದ ಅಡಗಿದ ಮೇಲೆ ಯಜಮಾನರೂ ನೆಟ್ಟಗೆ ಒಳಗೆ ನಡೆದು ತಮ್ಮ ಕುರ್ಚಿಯಲ್ಲಿ ಕೂತರು.

ಕಪಾಟು ಸಂಜೆಯವರೆಗೂ ಬೀದಿಯಲ್ಲೇ ಇತ್ತು. ಕೊನೆಗೆ ಗೋದಾಮಿಗೆ ಹೋದದ್ದು ಅದು.